ಕೆಳಗೆ ಇಳಿದ ಮೇಲೆ ವಾಪಸ್ ಏರುವ ದಾರಿ ಯಾರ ಹತ್ತಿರ ಇದೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಗುಳೇದಗುಡ್ಡದವಳು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಲಿಂಕ್ಡ್ ಲಿಸ್ಟ್ ತನಕ ಎಲ್ಲ ಸರಿ ಇತ್ತು, ಒಂದೊಂದು ನೋಡ್‌ನಿಂದ (ನಂಬರ್ ಇಡುವ ಕೋಶ) ಎಡಕ್ಕೊಂದು, ಬಲಕ್ಕೊಂದು ಕವಲು ಹೊರಡುವ ಬೈನರಿ ಟ್ರೀ ಬಂದ ಮೇಲೆ ತಲೆ ಕೆಟ್ಟಿದೆ. ಇನ್‌ಆರ್ಡರ್ (ಎಡ, ನಡು, ಬಲ ಕ್ರಮದಲ್ಲಿ ಟ್ರೀ ಸುತ್ತುವ) ಕೋಡ್ ನಾಲ್ಕೇ ಸಾಲು, ಬಾಯಿಪಾಠ ಇದೆ. ಅರ್ಥ ಮಾತ್ರ ಆಗಿಲ್ಲ. ಎಡಕ್ಕೆ, ಎಡಕ್ಕೆ ಹೋಗಿ ನಲ್, ಅಂದರೆ ಖಾಲಿ, ಸಿಕ್ಕಾಗ ರಿಟರ್ನ್ ಆಗುತ್ತದೆ. ರಿಟರ್ನ್ ಆದರೆ ಫಂಕ್ಷನ್ ಮುಗೀತಲ್ಲ? ಮತ್ತೆ ಮೇಲಿನ ನೋಡ್‌ಗೆ ಹೇಗೆ ಬರುತ್ತದೆ? ನೋಡ್‌ನಲ್ಲಿ ಎಡ, ಬಲ ಅಂತ ಎರಡೇ ಪಾಯಿಂಟರ್ (ಇನ್ನೊಂದು ನೋಡ್‌ನ ವಿಳಾಸ) ಇವೆ, ಮೇಲಕ್ಕೆ ಹೋಗಲು ಏನೂ ಇಲ್ಲ. ಇನ್ನೊಂದು ಸಮಸ್ಯೆ. ಮಿನಿ ಪ್ರಾಜೆಕ್ಟಿಗೆ ಇದನ್ನೇ ಪೈಥಾನ್‌ನಲ್ಲಿ ಬರೆದೆ. ಹತ್ತು ನಂಬರಿಗೆ ಚೆನ್ನಾಗಿ ಬಂತು. 1,500 ರಿಜಿಸ್ಟರ್ ನಂಬರ್ ಇರುವ ಫೈಲ್ ಕೊಟ್ಟಾಗ ಇನ್‌ಆರ್ಡರ್ ಸಾವಿರದ ಹತ್ತಿರದವರೆಗೆ ಪ್ರಿಂಟ್ ಮಾಡಿ ರಿಕರ್ಶನ್ ಎರರ್ ಅಂತ ನಿಂತಿತು. ಪೋಸ್ಟ್‌ಆರ್ಡರ್ ಅಂತೂ ಒಂದೇ ಒಂದು ನಂಬರೂ ಪ್ರಿಂಟ್ ಮಾಡಲಿಲ್ಲ. ಸೀನಿಯರ್ ಅಣ್ಣ ಒಬ್ಬರು "ರಿಕರ್ಶನ್ ಬರೀ ಪರೀಕ್ಷೆಗೆ, ಕಂಪನಿಯಲ್ಲಿ ಯಾರೂ ಬಳಸಲ್ಲ, ಲೂಪಿನಲ್ಲಿ ಬರಿ" ಅಂದರು. ನಾನು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗಲಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಬೆಳಗಾವಿಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಶನಿವಾರ, ಭಾನುವಾರ ಒಂದಿಷ್ಟು ಹುಡುಗರಿಗೆ ಪಾಠವನ್ನೂ ಹೇಳುತ್ತೇನೆ. "ಮೇಲಕ್ಕೆ ಹೋಗಲು ಪಾಯಿಂಟರ್ ಇಲ್ಲವಲ್ಲ" ಅಂತ ಕೇಳಿದವರು ಅವರಲ್ಲಿ ನಾಲ್ಕೈದು ಜನ ಇರಬಹುದು. ಉಳಿದವರು ನಾಲ್ಕು ಸಾಲು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಹೋಗುತ್ತಾರೆ. ನಿಮಗೆ ಏನೂ ಅರ್ಥ ಆಗಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಅರ್ಧ ಅರ್ಥ ಆದವರಿಗೇ ಈ ಪ್ರಶ್ನೆ ಹುಟ್ಟುವುದು.

ನೀವು ಕೇಳಿದ್ದು ಇಷ್ಟು: ಇಳಿಯುವ ದಾರಿ ಟ್ರೀಯೊಳಗೆ ಇದೆ, ಏರುವ ದಾರಿ ಅದರಲ್ಲಿ ಇಲ್ಲ. ಹಾಗಾದರೆ ಅದನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ನಿಮ್ಮ ಎರರ್‌ಗೂ, ಸೀನಿಯರ್ ಹೇಳಿದ ಮಾತಿಗೂ ಇದೇ ಪ್ರಶ್ನೆಯಲ್ಲಿ ಉತ್ತರ ಇದೆ. ಅದಕ್ಕೇ ಇದನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡೋಣ.

ಮೊದಲು ರಿಟರ್ನ್ ವಿಷಯ. ರಿಟರ್ನ್ ಅಂದರೆ "ಎಲ್ಲ ಮುಗೀತು" ಅಂತ ಅಲ್ಲ. "ನನ್ನನ್ನು ಕರೆದವರ ಹತ್ತಿರ ವಾಪಸ್ ಹೋಗು" ಅಂತ. ಮೇನ್ ಫಂಕ್ಷನ್‌ನಿಂದ ಪ್ರಿಂಟ್‌ಎಫ್ ಕರೆದಾಗ ಅದು ಕೆಲಸ ಮುಗಿಸಿ ಮೇನ್‌ಗೆ ವಾಪಸ್ ಬರುತ್ತದೆ, ಮೇನ್ ಮುಂದಿನ ಸಾಲಿಗೆ ಹೋಗುತ್ತದೆ. ಅಲ್ಲಿ ನಮಗೆ ಗೊಂದಲ ಇಲ್ಲ, ಯಾಕೆಂದರೆ ಎರಡೂ ಹೆಸರು ಬೇರೆ. ರಿಕರ್ಶನ್‌ನಲ್ಲಿ ಫಂಕ್ಷನ್ ತನ್ನನ್ನೇ ಕರೆಯುತ್ತದೆ, ಹಾಗಾಗಿ ಕರೆದವರ ಹೆಸರೂ ಕರೆಸಿಕೊಂಡವರ ಹೆಸರೂ ಒಂದೇ. ಅದಕ್ಕೇ ಒಂದು ಮುಗಿದರೆ ಎಲ್ಲವೂ ಮುಗಿದಂತೆ ಕಾಣುತ್ತದೆ. ಒಂದೇ ಹೆಸರಿನ ಇಬ್ಬರು ಹುಡುಗಿಯರು ಕ್ಲಾಸಿನಲ್ಲಿದ್ದರೆ ಒಬ್ಬಳು ಮನೆಗೆ ಹೋದಾಗ ಇನ್ನೊಬ್ಬಳೂ ಹೋದಳು ಅಂತ ಹಾಜರಿ ಹಾಕಿದ ಹಾಗೆ.

ಈಗ ಒಂದು ಹಳೇ ಲಗ್ನಪತ್ರಿಕೆ ಹುಡುಕಿ. ಅದರ ಖಾಲಿ ಬದಿ ಮೇಲೆ ಬರುವಂತೆ ಕತ್ತರಿಸಿ ಒಂಬತ್ತು ಚೀಟಿ ಮಾಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನನ್ನ ಹುಡುಗರಿಂದಲೂ ಹೀಗೇ ಮಾಡಿಸುತ್ತೇನೆ. ಯಾಕೆ ಒಂಬತ್ತೇ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಟ್ರೀ ಚಿಕ್ಕದಿರಲಿ. 40, 20, 50, 30 ಈ ಕ್ರಮದಲ್ಲಿ ಸೇರಿಸಿ. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. 40 ರೂಟ್, ಅಂದರೆ ಎಲ್ಲಕ್ಕಿಂತ ಮೇಲಿನ ನೋಡ್. ಅದರ ಎಡಕ್ಕೆ 20, ಬಲಕ್ಕೆ 50. 30 ಅನ್ನುವುದು 20ರ ಬಲಕ್ಕೆ ಬರುತ್ತದೆ. 20ರ ಎಡಕ್ಕೆ ಏನೂ ಇಲ್ಲ. ಕೋಡ್ ಯಾವ ಭಾಷೆಯದಾದರೂ ಸಾರ ಇಷ್ಟೇ:

ನಡೆ (ನೋಡ್):
ಸಾಲು 1. ನೋಡ್ ಖಾಲಿ ಇದ್ದರೆ ವಾಪಸ್
ಸಾಲು 2. ನಡೆ (ನೋಡ್‌ನ ಎಡ)
ಸಾಲು 3. ನೋಡ್‌ನ ನಂಬರ್ ಪ್ರಿಂಟ್
ಸಾಲು 4. ನಡೆ (ನೋಡ್‌ನ ಬಲ)

ನಿಯಮ ಎರಡು. ಫಂಕ್ಷನ್ ಕರೆದಾಗಲೆಲ್ಲ ಹೊಸ ಚೀಟಿ ತೆಗೆದು ಗುಡ್ಡೆಯ ಮೇಲೆ ಇಡಬೇಕು. ಅದರಲ್ಲಿ ಯಾವ ನೋಡ್, ಈಗ ಎಷ್ಟನೇ ಸಾಲಿನಲ್ಲಿದ್ದೇವೆ, ಇವೆರಡನ್ನೂ ಬರೆಯಬೇಕು. ವಾಪಸ್ ಅಂದಾಗ ಮೇಲಿನ ಚೀಟಿ ಎತ್ತಿ ಪಕ್ಕಕ್ಕೆ ಹಾಕಬೇಕು, ಕೆಳಗೆ ಕಾಣುವ ಚೀಟಿ ಏನು ಹೇಳುತ್ತದೋ ಅಲ್ಲಿಂದ ಮುಂದುವರಿಸಬೇಕು.

ಶುರು ಮಾಡಿ. ಮೊದಲ ಚೀಟಿ: "40, ಸಾಲು 2." ಎಡಕ್ಕೆ ಹೋಗಬೇಕು, ಹಾಗಾಗಿ ಅದರ ಮೇಲೆ ಎರಡನೇ ಚೀಟಿ: "20, ಸಾಲು 2." ಮತ್ತೆ ಎಡ. ಮೂರನೇ ಚೀಟಿ: "ಖಾಲಿ, ಸಾಲು 1." ಖಾಲಿ ಇದ್ದರೆ ವಾಪಸ್. ಚೀಟಿ ಎತ್ತಿ ಹಾಕಿ. ಈಗ ಕೆಳಗೆ ಏನು ಕಾಣುತ್ತಿದೆ? "20, ಸಾಲು 2."

ಇಲ್ಲಿ ಒಂದು ನಿಮಿಷ ನಿಲ್ಲಿ. ನೀವು ಮೇಲಕ್ಕೆ ಏರಿದಿರಿ. ಟ್ರೀಯಲ್ಲಿ ಯಾವ ಪಾಯಿಂಟರನ್ನೂ ಮುಟ್ಟಲಿಲ್ಲ. ಒಂದು ಚೀಟಿ ಎತ್ತಿದಿರಿ, ಅಷ್ಟೇ. ಏರುವ ದಾರಿ ಇದ್ದದ್ದು ಚೀಟಿಗಳ ಗುಡ್ಡೆಯಲ್ಲಿ. ಆ ಗುಡ್ಡೆಗೇ ಕಂಪ್ಯೂಟರಿನಲ್ಲಿ ಕಾಲ್ ಸ್ಟ್ಯಾಕ್ ಅನ್ನುತ್ತಾರೆ, ಒಂದೊಂದು ಚೀಟಿಗೆ ಫ್ರೇಮ್ ಅನ್ನುತ್ತಾರೆ. ನೀವು ಸ್ಟ್ಯಾಕ್ ಪಾಠದಲ್ಲಿ ಪುಶ್, ಪಾಪ್ ಅಂತ ಬರೆದಿದ್ದೀರಲ್ಲ, ಅದೇ. ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ನಿಮಗೆ ಹೇಳದೆ ಅದನ್ನು ಬಳಸುತ್ತಿದೆ.

ಮುಂದುವರಿಸಿ. 20ರ ಸಾಲು 2 ಮುಗಿಯಿತು. ಸಾಲು 3, "20" ಪ್ರಿಂಟ್. ಚೀಟಿಯಲ್ಲಿ 2 ಹೊಡೆದು 4 ಅಂತ ಬರೆಯಿರಿ. ಬಲಕ್ಕೆ ಹೋಗಬೇಕು: ಹೊಸ ಚೀಟಿ "30, ಸಾಲು 2." ಅದರ ಮೇಲೆ "ಖಾಲಿ", ಎತ್ತಿ ಹಾಕಿ. "30" ಪ್ರಿಂಟ್, ಸಾಲು 4. ಅದರ ಮೇಲೆ ಇನ್ನೊಂದು "ಖಾಲಿ", ಎತ್ತಿ ಹಾಕಿ. 30ಕ್ಕೆ ಮುಂದೆ ಸಾಲಿಲ್ಲ, ಅದರ ಚೀಟಿಯನ್ನೂ ಎತ್ತಿ. ಈಗ ಕಾಣುವುದು "20, ಸಾಲು 4."

ಬಹಳ ಜನ ಎಡವುವುದು ಇಲ್ಲೇ. "20ಕ್ಕೆ ವಾಪಸ್ ಬಂದೆವಲ್ಲ ಸರ್, ಮತ್ತೊಮ್ಮೆ 20 ಯಾಕೆ ಪ್ರಿಂಟ್ ಆಗಲ್ಲ?" ಅಂತ ಕೇಳುತ್ತಾರೆ. ಚೀಟಿ ನೋಡಿ. ಸಾಲು 4 ಅಂತಿದೆ. ಪ್ರಿಂಟ್ ಇರುವುದು ಸಾಲು 3ರಲ್ಲಿ, ಅದು ಆಗಿಹೋಯಿತು. ಚೀಟಿ "ಎಲ್ಲಿದ್ದೆ" ಅನ್ನುವುದನ್ನಷ್ಟೇ ಹೇಳಿದರೆ ಸಾಲದು, "ಎಷ್ಟು ಮುಗಿಸಿದ್ದೆ" ಅಂತಲೂ ಹೇಳಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

20ರ ಚೀಟಿ ಎತ್ತಿದರೆ "40, ಸಾಲು 2" ಕಾಣುತ್ತದೆ. ಅದು ಅಷ್ಟು ಹೊತ್ತಿನಿಂದ ಗುಡ್ಡೆಯ ತಳದಲ್ಲಿ ಸುಮ್ನೆ ಕಾಯುತ್ತಿತ್ತು. "40" ಪ್ರಿಂಟ್, ಬಲಕ್ಕೆ 50, ಅದರ ಎರಡು ಖಾಲಿ. ಮುಗಿಯಿತು. ಪ್ರಿಂಟ್ ಆದದ್ದು 20, 30, 40, 50. ಬಳಸಿದ ಚೀಟಿ ಎಣಿಸಿ: ನಾಲ್ಕು ನೋಡ್‌ಗೆ ನಾಲ್ಕು, ಖಾಲಿ ಜಾಗಕ್ಕೆ ಐದು, ಒಟ್ಟು ಒಂಬತ್ತು. ಯಾವ ಬೈನರಿ ಟ್ರೀಯಲ್ಲೂ ನೋಡ್‌ಗಿಂತ ಖಾಲಿ ಪಾಯಿಂಟರ್ ಒಂದು ಜಾಸ್ತಿ ಇರುತ್ತದೆ. ಆದರೆ ಒಂಬತ್ತೂ ಚೀಟಿ ಒಟ್ಟಿಗೇ ಗುಡ್ಡೆಯಲ್ಲಿ ಇರಲೇ ಇಲ್ಲ. ಅತಿ ಎತ್ತರ ಆದಾಗ 40, 20, 30, ಖಾಲಿ ಹೀಗೆ ನಾಲ್ಕೇ ಇದ್ದವು. ಗುಡ್ಡೆಯ ಎತ್ತರ ಟ್ರೀಯ ಎತ್ತರಕ್ಕಿಂತ (ಮಟ್ಟ ಎಣಿಸಿದರೆ ಇಲ್ಲಿ ಮೂರು) ಒಂದು ಜಾಸ್ತಿ, ಅಷ್ಟೇ. ನೋಡ್ ಎಷ್ಟಿವೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ.

ಇನ್ನೊಂದು ಅನುಮಾನ ನಿಮಗೆ ಬಂದಿರಬಹುದು, ಬರೆದಿಲ್ಲ. "ನೋಡ್ ಅನ್ನುವ ವೇರಿಯಬಲ್ ಖಾಲಿ ಆಗಿಬಿಟ್ಟಿತಲ್ಲ, ಮತ್ತೆ 20 ಹೇಗಾಯಿತು?" ಅದು ಮತ್ತೆ 20 ಆಗಲಿಲ್ಲ. ಪ್ರತಿ ಚೀಟಿಯಲ್ಲೂ ಅದರದೇ ಒಂದು ನೋಡ್ ಇದೆ. ಹಳೇ ಫೋರ್ಟ್ರಾನ್ ಭಾಷೆಯ ಕಂಪೈಲರ್‌ಗಳು ಸಾಮಾನ್ಯವಾಗಿ ಒಂದು ಫಂಕ್ಷನ್‌ಗೆ ಒಂದೇ ಚೀಟಿ ಕೊಡುತ್ತಿದ್ದವು. ತನ್ನನ್ನೇ ಕರೆದರೆ ಹಳೆಯದರ ಮೇಲೆ ಹೊಸದನ್ನು ಬರೆದ ಹಾಗಾಗುತ್ತಿತ್ತು. ಅದಕ್ಕೇ ಫೋರ್ಟ್ರಾನ್ 77ರ ಸ್ಟ್ಯಾಂಡರ್ಡ್‌ನಲ್ಲಿ ರಿಕರ್ಶನ್‌ಗೆ ಅನುಮತಿಯೇ ಇರಲಿಲ್ಲ, ಫೋರ್ಟ್ರಾನ್ 90ರಲ್ಲಿ ಬಂತು. ಆಲ್ಗಾಲ್ 60 ಅನ್ನುವ ಭಾಷೆ ಮಾತ್ರ ಮೊದಲೇ ಒಪ್ಪಿಕೊಂಡಿತ್ತು. ನೀವು ಮುಂದೆ ಶಾರ್ಟೆಸ್ಟ್ ಪಾತ್‌ನಲ್ಲಿ ಓದುವ ಡೈಕ್‌ಸ್ಟ್ರಾ ಅವರೇ 1960ರಲ್ಲಿ ಈ ಸ್ಟ್ಯಾಕಿನ ಉಪಾಯವನ್ನು ವಿವರಿಸಿ ಲೇಖನ ಬರೆದರು. ಈಗಲೂ ನೋಡ್ ಅನ್ನು ಗ್ಲೋಬಲ್ ವೇರಿಯಬಲ್ (ಎಲ್ಲ ಚೀಟಿಗೂ ಸೇರಿ ಒಂದೇ) ಮಾಡಿಕೊಂಡರೆ ಹಳೇ ಫೋರ್ಟ್ರಾನ್ ಅವಸ್ಥೆಯೇ ಆಗುತ್ತದೆ. ಲ್ಯಾಬ್‌ನಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ.

ಈಗ ಪ್ರೀಆರ್ಡರ್, ಇನ್‌ಆರ್ಡರ್, ಪೋಸ್ಟ್‌ಆರ್ಡರ್. ಇವು ಮೂರು ಬೇರೆ ಬೇರೆ ದಾರಿ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ದಾರಿ ಒಂದೇ.

ನಮ್ಮ ಅವ್ವ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಳು. ಅದರಲ್ಲಿ ಗವಂತಿ ಅನ್ನುವ ಹೊಲಿಗೆ ನೀವೂ ನೋಡಿರಬಹುದು. ಬಟ್ಟೆಯ ಎಳೆ ಎಣಿಸಿ ಒಂದು ಹೊಲಿಗೆ, ಒಂದು ಖಾಲಿ, ಮತ್ತೊಂದು ಹೊಲಿಗೆ, ಹೀಗೆ ಸೂಜಿ ಮುಂದೆ ಹೋಗುತ್ತದೆ. ನಡುವೆ ಕವಲು ಬಂದರೆ ಆ ಕವಲಿಗೆ ಇಳಿಯುತ್ತದೆ, ತುದಿ ಮುಟ್ಟುತ್ತದೆ, ಬಿಟ್ಟ ಖಾಲಿಗಳನ್ನು ತುಂಬುತ್ತ ಅದೇ ಗೆರೆಯ ಮೇಲೆ ವಾಪಸ್ ಬರುತ್ತದೆ, ಮುಂದಿನ ಕವಲಿಗೆ ಹೋಗುತ್ತದೆ. ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಓಡಿರುತ್ತದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎಲ್ಲೂ ಗಂಟು ಇಲ್ಲ. ಸೀರೆಯ ಒಳಬದಿಯೂ ಹೊರಬದಿಯೂ ಒಂದೇ ಥರ ಕಾಣುತ್ತದೆ.

ರಿಕರ್ಶನ್ ಟ್ರೀಯಲ್ಲಿ ನಡೆಯುವುದೂ ಹೀಗೇ. ಪ್ರತಿ ನೋಡ್ ಮೂರು ಸಲ ಸಿಗುತ್ತದೆ: ಮೇಲಿನಿಂದ ಬಂದಾಗ, ಎಡ ಮುಗಿಸಿ ಬಂದಾಗ, ಬಲ ಮುಗಿಸಿ ಬಂದಾಗ. ಮೊದಲನೇ ಸಲ ಸಿಕ್ಕಾಗ ಪ್ರಿಂಟ್ ಮಾಡಿದರೆ ಪ್ರೀಆರ್ಡರ್, ಎರಡನೇ ಸಲಕ್ಕೆ ಇನ್‌ಆರ್ಡರ್, ಮೂರನೇ ಸಲಕ್ಕೆ ಪೋಸ್ಟ್‌ಆರ್ಡರ್. ಪ್ರಿಂಟ್ ಸಾಲನ್ನು ಒಂದು ಮೇಲೆ ಅಥವಾ ಒಂದು ಕೆಳಗೆ ಸರಿಸುವುದು, ಅಷ್ಟೇ ಕೆಲಸ. ಬೇಕಿದ್ದರೆ ಮೂರೂ ಕಡೆ ಮೂರು ಪ್ರಿಂಟ್ ಹಾಕಿ ಒಂದೇ ಸಲಕ್ಕೆ ಓಡಿಸಿ ನೋಡಿ. ಬಾಯಿಪಾಠ ಮಾಡಲು ಮೂರು ಇಲ್ಲ, ಇರುವುದು ಒಂದು.

ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದೂ ಇದರಿಂದಲೇ ಹೊಳೆಯುತ್ತದೆ. ಸರ್ಚ್ ಟ್ರೀಯಲ್ಲಿ ಎಡಕ್ಕೆ ಚಿಕ್ಕವು, ಬಲಕ್ಕೆ ದೊಡ್ಡವು ಇರುವುದರಿಂದ ನಡುವೆ ಪ್ರಿಂಟ್ ಮಾಡಿದರೆ ಏರಿಕೆ ಕ್ರಮ ಬರುತ್ತದೆ. ಟ್ರೀಯ ನಕಲು ಮಾಡಲು ತಂದೆ ಮೊದಲು ಬೇಕು, ಅದಕ್ಕೆ ಪ್ರೀಆರ್ಡರ್. ಸಿ ಭಾಷೆಯಲ್ಲಿ ಟ್ರೀಯ ಮೆಮೊರಿ ಬಿಡುಗಡೆ ಮಾಡುವಾಗ ಪೋಸ್ಟ್‌ಆರ್ಡರ್ ಬೇಕು. ತಂದೆಯನ್ನು ಮೊದಲು ಫ್ರೀ ಮಾಡಿಬಿಟ್ಟರೆ ಮಕ್ಕಳ ವಿಳಾಸ ಇದ್ದದ್ದೇ ಅವನ ಹತ್ತಿರ. ಆಮೇಲೆ ಅದನ್ನು ಓದಿದರೆ ಒಂದು ದಿನ ಸರಿ ಬರುತ್ತದೆ, ಒಂದು ದಿನ ಕ್ರ್ಯಾಶ್ ಆಗುತ್ತದೆ. ಪರೀಕ್ಷೆಯಲ್ಲಿ ಇನ್‌ಆರ್ಡರ್ ಮತ್ತು ಪ್ರೀಆರ್ಡರ್ ಕೊಟ್ಟು ಟ್ರೀ ಬರೆಯಿರಿ ಅನ್ನುತ್ತಾರೆ. ನಂಬರ್‌ಗಳು ಬೇರೆ ಬೇರೆ ಇದ್ದರೆ ಉತ್ತರ ಒಂದೇ. ಪ್ರೀ ಮತ್ತು ಪೋಸ್ಟ್ ಮಾತ್ರ ಕೊಟ್ಟರೆ ಯಾವಾಗಲೂ ಒಂದೇ ಟ್ರೀ ಬರುವುದಿಲ್ಲ. ಒಂದೇ ಮಗು ಇರುವ ನೋಡ್‌ನಲ್ಲಿ ಅದು ಎಡವೋ ಬಲವೋ ಅಂತ ಹೇಳಲು ಆಗುವುದಿಲ್ಲ.

ಈಗ ನಿಮ್ಮ ಎರರ್‌ಗೆ ಬರೋಣ. ನಿಮ್ಮ ಫೈಲ್ ನಾನು ನೋಡಿಲ್ಲ. ಆದರೆ ಅದರಲ್ಲಿ ರಿಜಿಸ್ಟರ್ ನಂಬರ್‌ಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇರಬೇಕು. ನಂಬರ್ ಸೇರಿಸುವ ಇನ್ಸರ್ಟ್ ಫಂಕ್ಷನನ್ನು ನೀವು ರಿಕರ್ಶನ್ ಇಲ್ಲದೆ ಲೂಪಿನಲ್ಲಿ ಬರೆದಿರಬೇಕು. ಸರಿ ತಾನೇ?

ಹೇಗೆ ಗೊತ್ತಾಯಿತು ಅಂದರೆ, ಪೈಥಾನ್ ಸಾಮಾನ್ಯವಾಗಿ 1,000 ಚೀಟಿಗಿಂತ ಎತ್ತರದ ಗುಡ್ಡೆ ಬಿಡುವುದಿಲ್ಲ. ಅದು ಅದರ ಡೀಫಾಲ್ಟ್ ಮಿತಿ. 1,500 ನಂಬರ್ ಅಡ್ಡಾದಿಡ್ಡಿ ಬಂದಿದ್ದರೆ ಟ್ರೀಯ ಎತ್ತರ ಇಪ್ಪತ್ತು, ಮೂವತ್ತರ ಸುಮಾರಿಗೆ ನಿಲ್ಲುತ್ತಿತ್ತು, ಮಿತಿಯ ಹತ್ತಿರವೂ ಹೋಗುತ್ತಿರಲಿಲ್ಲ. ಸಾಲಾಗಿ ಬಂದದ್ದರಿಂದ ಪ್ರತಿ ಹೊಸ ನಂಬರೂ ಹಿಂದಿನದಕ್ಕಿಂತ ದೊಡ್ಡದು, ಪ್ರತಿಯೊಂದೂ ಬಲಕ್ಕೇ ಹೋಯಿತು. ಅದು ಹೆಸರಿಗೆ ಟ್ರೀ. ನಿಜವಾಗಿ 1,500 ನೋಡ್‌ನ ಲಿಂಕ್ಡ್ ಲಿಸ್ಟ್. ಇಂಥ ಸಾಲಿನಲ್ಲಿ ಇನ್‌ಆರ್ಡರ್ ಏನು ಮಾಡುತ್ತದೆ? ಎಡ ಖಾಲಿ, ಪ್ರಿಂಟ್, ಬಲಕ್ಕೆ. ಎಡ ಖಾಲಿ, ಪ್ರಿಂಟ್, ಬಲಕ್ಕೆ. ಅಂದರೆ ಇಳಿಯುತ್ತಲೇ ಪ್ರಿಂಟ್ ಮಾಡುತ್ತದೆ. ಅದಕ್ಕೇ ಸಾವಿರದ ಹತ್ತಿರ ಬಂದು ಬಿತ್ತು. ಪೋಸ್ಟ್‌ಆರ್ಡರ್ ಪ್ರಿಂಟ್ ಮಾಡುವುದು ಬಲ ಮುಗಿಸಿ ಏರುವಾಗ. ನಿಮ್ಮ ಪ್ರೋಗ್ರಾಂ ತಳ ಮುಟ್ಟಲೇ ಇಲ್ಲ, ಏರುವ ಪ್ರಶ್ನೆಯೇ ಬರಲಿಲ್ಲ. ದಾರಿ ಒಂದೇ, ಬಿದ್ದ ಜಾಗವೂ ಹೆಚ್ಚು ಕಡಿಮೆ ಒಂದೇ, ಪ್ರಿಂಟ್ ಮಾಡುವ ಹೊತ್ತು ಬೇರೆ. ಇನ್ಸರ್ಟ್ ಕೂಡ ರಿಕರ್ಶನ್‌ನಲ್ಲಿ ಇದ್ದಿದ್ದರೆ ಟ್ರೀ ಕಟ್ಟುವಾಗಲೇ ನಿಂತುಬಿಡುತ್ತಿತ್ತು.

ಸಿ ಭಾಷೆಯಲ್ಲಿ ಆಗಿದ್ದರೆ 1,500ಕ್ಕೆ ಏನೂ ಆಗುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಸ್ಟ್ಯಾಕಿಗೆ ಸಾಮಾನ್ಯವಾಗಿ 8 ಎಂಬಿ ಕೊಟ್ಟಿರುತ್ತಾರೆ. ಒಂದು ಫ್ರೇಮ್‌ಗೆ 48 ಬೈಟ್ ಅಂತ ಹಿಡಿಯಿರಿ. 1,500 ಫ್ರೇಮ್ ಅಂದರೆ 72,000 ಬೈಟ್, ಅದು ಏನೇನೂ ಅಲ್ಲ. ಆದರೆ 10 ಲಕ್ಷ ನೋಡ್ ಹೀಗೆ ಒಂದೇ ಸಾಲಿಗೆ ಬಿದ್ದರೆ 48 ಎಂಬಿ ಬೇಕು. ಆಗ ಸೆಗ್ಮೆಂಟೇಶನ್ ಫಾಲ್ಟ್ ಅಂತ ಎರಡು ಪದ ಹೇಳಿ ಪ್ರೋಗ್ರಾಂ ಸಾಯುತ್ತದೆ. ಪೈಥಾನ್ ಮೊದಲೇ ನಿಲ್ಲಿಸಿ ಕಾರಣ ಹೇಳುತ್ತದೆ, ಅದು ಅದರ ಒಳ್ಳೆಯತನ. ಅದೇ 10 ಲಕ್ಷ ನೋಡ್ ಸಮತೋಲದ ಟ್ರೀಯಲ್ಲಿದ್ದರೆ? 20 ಮಟ್ಟದಲ್ಲಿ 10,48,575 ನೋಡ್ ಹಿಡಿಯುತ್ತವೆ. ಗುಡ್ಡೆಯಲ್ಲಿ ಇಪ್ಪತ್ತೊಂದು ಚೀಟಿ. ರಿಕರ್ಶನ್‌ಗೆ ಹೆದರುವ ಮೊದಲು ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ.

ನಿಮ್ಮ ಮುಂದೆ ಇರುವ ದಾರಿಗಳು ಇವು.

ಮಿತಿಯನ್ನೇ ಏರಿಸುವುದು. ಪೈಥಾನ್‌ನಲ್ಲಿ ಅದಕ್ಕೊಂದು ಸಾಲಿದೆ, ಹುಡುಕಿದರೆ ಮೊದಲು ಸಿಗುವ ಸಲಹೆಯೂ ಅದೇ. 5,000 ಅಂತ ಬರೆದರೆ ನಿಮ್ಮ 1,500 ಓಡಿಹೋಗುತ್ತದೆ. ನಾಳೆ ಡೆಮೊ ಇದ್ದರೆ ಮಾಡಿ, ತಪ್ಪಿಲ್ಲ. ಆದರೆ ಹಳೇ ಪೈಥಾನ್‌ನಲ್ಲಿ ಹತ್ತು ಲಕ್ಷ, ಕೋಟಿ ಅಂತ ಬರೆದರೆ ಒಳಗಿನ ನಿಜವಾದ ಸ್ಟ್ಯಾಕ್ ತುಂಬಿ ಪೈಥಾನೇ ಸತ್ತುಹೋಗಬಹುದು, ಎರರ್ ಕೂಡ ಕಾಣುವುದಿಲ್ಲ. 3.11ರಿಂದ ಈಚೆಗೆ ಬಹುತೇಕ ಪೈಥಾನ್ ಕರೆಗಳು ಆ ಸ್ಟ್ಯಾಕನ್ನು ತಿನ್ನುವುದಿಲ್ಲ, ಸ್ವಲ್ಪ ಸುಧಾರಿಸಿದೆ. ಏನೇ ಆದರೂ ಟ್ರೀ ಸಾಲಿನ ಹಾಗೇ ಇರುತ್ತದೆ, ಹುಡುಕಾಟವೂ ನಿಧಾನವೇ.

ಟ್ರೀಯ ಆಕಾರ ಸರಿ ಮಾಡುವುದು. ನನ್ನ ಓಟು ಇದಕ್ಕೆ. ನಿಮ್ಮ ಫೈಲ್ ಮೊದಲೇ ಸಾಲಾಗಿದೆ, ಹಾಗಾಗಿ ಕೆಲಸ ಸುಲಭ. ನಟ್ಟನಡುವಿನ ನಂಬರನ್ನು ರೂಟ್ ಮಾಡಿ. ಎಡ ಅರ್ಧಕ್ಕೂ, ಬಲ ಅರ್ಧಕ್ಕೂ ಇದನ್ನೇ ಮತ್ತೆ ಮಾಡಿ. 1,500 ನಂಬರ್ 11 ಮಟ್ಟಕ್ಕೆ ಕೂರುತ್ತವೆ. ಇದನ್ನೂ ರಿಕರ್ಶನ್‌ನಲ್ಲೇ ಬರೆಯಬಹುದು, ಹನ್ನೊಂದು ಹನ್ನೆರಡು ಚೀಟಿಗೆ ಯಾವ ಭಾಷೆಯೂ ಬೇಡ ಅನ್ನುವುದಿಲ್ಲ. ಅಪಾಯ ಎಂದರೆ ಆಮೇಲೆ ಮತ್ತೆ ಸಾಲಾಗಿ ಸೇರಿಸುತ್ತ ಹೋದರೆ ಟ್ರೀ ಮತ್ತೆ ಬಲಕ್ಕೆ ವಾಲುತ್ತದೆ. ಅದನ್ನು ತಡೆಯಲು ಎವಿಎಲ್ ಟ್ರೀ ಇದೆ, 1962ರದು. ಆಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಅನ್ನುವ ಇಬ್ಬರು ಸೋವಿಯತ್ ಗಣಿತಜ್ಞರ ಹೆಸರಿನದು. ಎಷ್ಟೇ ಕೆಟ್ಟ ಕ್ರಮದಲ್ಲಿ ಕೊಟ್ಟರೂ ಅದರ ಎತ್ತರ ಸಮತೋಲದ ಟ್ರೀಯ ಸುಮಾರು 1.44 ಪಟ್ಟು ದಾಟುವುದಿಲ್ಲ. ಕೋಡ್ ಮಾತ್ರ ಉದ್ದ. ವಾಲಿದ ಕಡೆ ನೋಡ್‌ಗಳ ಜಾಗ ಅದಲು ಬದಲು ಮಾಡುವುದಕ್ಕೆ ರೊಟೇಶನ್ ಅನ್ನುತ್ತಾರೆ. ರೊಟೇಶನ್‌ನಲ್ಲಿ ಒಂದು ಪಾಯಿಂಟರ್ ತಪ್ಪಿದರೂ ಅರ್ಧ ಟ್ರೀ ಕಾಣೆಯಾಗುತ್ತದೆ. (ಇನ್ನೊಂದು ಮಾತು ಗೈಡ್ ಮುಂದೆ ಹೇಳಬೇಡಿ: ನಂಬರ್‌ಗಳು ಮೊದಲೇ ಸಾಲಾಗಿದ್ದು, ಹೊಸದು ಸೇರುವುದಿಲ್ಲ ಅಂದರೆ ಟ್ರೀಯೇ ಬೇಕಿರಲಿಲ್ಲ. ಅರೇಯಲ್ಲಿ ಪ್ರತಿ ಸಲ ಅರ್ಧ ಬಿಡುತ್ತ ಹುಡುಕುವ ಬೈನರಿ ಸರ್ಚ್ ಸಾಕಿತ್ತು.)

ಸೀನಿಯರ್ ಹೇಳಿದ ಲೂಪ್. ಇದರಲ್ಲಿ ಚೀಟಿಗಳ ಗುಡ್ಡೆಯನ್ನು ನೀವೇ ಇಟ್ಟುಕೊಳ್ಳುತ್ತೀರಿ:

ಈಗಿನ ನೋಡ್ = ರೂಟ್
ಈಗಿನ ನೋಡ್ ಇರುವವರೆಗೆ ಅಥವಾ ಸ್ಟ್ಯಾಕಿನಲ್ಲಿ ಏನಾದರೂ ಉಳಿದಿರುವವರೆಗೆ:
ಖಾಲಿ ಸಿಗುವ ತನಕ ನೋಡನ್ನು ಸ್ಟ್ಯಾಕಿಗೆ ಹಾಕುತ್ತ ಎಡಕ್ಕೆ ಹೋಗು
ಸ್ಟ್ಯಾಕಿನ ಮೇಲಿನದನ್ನು ತೆಗೆದು ಪ್ರಿಂಟ್ ಮಾಡು
ಅದರ ಬಲಕ್ಕೆ ಹೋಗು

ಗಮನಿಸಿದಿರಾ, ಸ್ಟ್ಯಾಕ್ ಎಲ್ಲೂ ಹೋಗಲಿಲ್ಲ. ಕಂಪೈಲರ್ ಕೈಯಿಂದ ನಿಮ್ಮ ಕೈಗೆ ಬಂತು, ಅಷ್ಟೇ. "ಲೂಪ್ ಬರೆದರೆ ಮೆಮೊರಿ ಬೇಕಿಲ್ಲ" ಅನ್ನುವವರು ಈ ಸಾಲುಗಳನ್ನು ಸರಿಯಾಗಿ ಓದಿರುವುದಿಲ್ಲ. ಲಾಭ ಇದೆ: ಈ ಸ್ಟ್ಯಾಕ್ ಹೀಪ್ ಮೆಮೊರಿಯಲ್ಲಿ (ಪ್ರೋಗ್ರಾಂ ಬೇಕಾದಾಗ ಕೇಳಿ ಪಡೆಯುವ ಜಾಗ) ಇರುತ್ತದೆ, ಅಲ್ಲಿ ಜಾಗ ಜಾಸ್ತಿ. ಇನ್ನೊಂದು ಸೊಗಸೂ ಇದೆ. ನಿಮ್ಮ 1,500ರ ಸಾಲಿನ ಮೇಲೆ ಇದನ್ನು ಓಡಿಸಿದರೆ ಸ್ಟ್ಯಾಕಿನಲ್ಲಿ ಒಂದಕ್ಕಿಂತ ಜಾಸ್ತಿ ನೋಡ್ ಯಾವತ್ತೂ ಇರುವುದಿಲ್ಲ! ಯಾಕೆ? "20, ಸಾಲು 4" ಚೀಟಿ ನೆನಪಿಸಿಕೊಳ್ಳಿ. ಸಾಲು 4 ಮುಗಿದ ಮೇಲೆ 20ಕ್ಕೆ ಮಾಡಲು ಏನೂ ಉಳಿದಿರಲಿಲ್ಲ. ಬಲಕ್ಕೆ ಹೋಗುವ ಮೊದಲೇ ಆ ಚೀಟಿ ಎಸೆಯಬಹುದಿತ್ತು. ಈ ಲೂಪ್ ಹಾಗೇ ಎಸೆಯುತ್ತದೆ. ಕೆಲವು ಸಿ ಕಂಪೈಲರ್‌ಗಳೂ ಆಪ್ಟಿಮೈಜೇಶನ್ ಹಾಕಿದರೆ ಇದನ್ನು ತಾವೇ ಮಾಡುತ್ತವೆ, ಟೇಲ್ ಕಾಲ್ ಅಂತ ಅದರ ಹೆಸರು. ಪೈಥಾನ್ ಬೇಕಂತಲೇ ಮಾಡುವುದಿಲ್ಲ. ಮಾಡಿದರೆ ಎರರ್ ಬಂದಾಗ ಯಾರು ಯಾರನ್ನು ಕರೆದರು ಅನ್ನುವ ಪಟ್ಟಿ ಪೂರ್ತಿ ಕಾಣುವುದಿಲ್ಲ.

ಇದೇ ಲೂಪಿನಲ್ಲಿ ಪೋಸ್ಟ್‌ಆರ್ಡರ್ ಬರೆಯಲು ಹೋದರೆ ಬೆವರು ಬರುತ್ತದೆ. ಸ್ಟ್ಯಾಕಿನಲ್ಲಿ ಇರುವುದು ನೋಡ್ ಮಾತ್ರ, ಸಾಲಿನ ಸಂಖ್ಯೆ ಇಲ್ಲ. ಮೇಲಿನ ನೋಡ್ ಕಂಡಾಗ "ಎಡ ಮುಗಿಸಿ ಬಂದೆನೋ, ಬಲವೂ ಮುಗಿಸಿ ಬಂದೆನೋ" ಗೊತ್ತಾಗುವುದಿಲ್ಲ. ಎಷ್ಟು ಮುಗಿಸಿದ್ದೆ ಅಂತ ಬರೆದಿಡಲು ಒಂದು ಗುರುತು ಬೇಕೇ ಬೇಕು. ರಿಕರ್ಶನ್ ಅದನ್ನು ನಮಗೆ ಪುಕ್ಕಟೆ ಮಾಡಿಕೊಡುತ್ತಿತ್ತು.

ಸ್ಟ್ಯಾಕೇ ಇಲ್ಲದ ದಾರಿಯೂ ಇದೆ. ಖಾಲಿ ಪಾಯಿಂಟರ್ ಒಂದು ಜಾಸ್ತಿ ಇರುತ್ತದೆ ಅಂದೆನಲ್ಲ, ಅವನ್ನು ಸುಮ್ನೆ ಬಿಡುವ ಬದಲು ಅದರಲ್ಲಿ ವಾಪಸ್ ದಾರಿ ಬರೆದಿಡೋಣ ಅಂತ ಪರ್ಲಿಸ್ ಮತ್ತು ಥಾರ್ನ್‌ಟನ್ 1960ರಲ್ಲೇ ಹೇಳಿದರು. 1979ರಲ್ಲಿ ಮಾರಿಸ್ ಅನ್ನುವವರು ಅದನ್ನು ತಾತ್ಕಾಲಿಕವಾಗಿ ಮಾಡಿದರು: ಇಳಿಯುವಾಗ ಖಾಲಿ ಬಲ ಪಾಯಿಂಟರ್‌ಗೆ ಮೇಲಿನ ನೋಡ್‌ನ ವಿಳಾಸ ಕಟ್ಟುವುದು, ಬಂದ ಮೇಲೆ ಬಿಚ್ಚುವುದು. ಕಸೂತಿಯಲ್ಲಿ ಬಿಟ್ಟ ಖಾಲಿಯೇ ವಾಪಸ್ ದಾರಿ ತೋರಿಸುತ್ತದಲ್ಲ, ಹಾಗೆ. ಅಪಾಯ ಏನೆಂದರೆ ನಡೆಯುವಷ್ಟು ಹೊತ್ತು ಟ್ರೀ ಬದಲಾಗಿರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಥ್ರೆಡ್ (ಜೊತೆಗೇ ಓಡುತ್ತಿರುವ ಪ್ರೋಗ್ರಾಂನ ಇನ್ನೊಂದು ಭಾಗ) ಓದಿದರೆ, ಅಥವಾ ಬೇಕಾದದ್ದು ಸಿಕ್ಕಿತು ಅಂತ ನೀವು ನಡುವೆ ಬ್ರೇಕ್ ಹಾಕಿ ಹೊರಬಂದರೆ ಟ್ರೀ ಹಾಳು. ಇಂಟರ್‌ವ್ಯೂನಲ್ಲಿ ಕೇಳುತ್ತಾರೆ, ಕಲಿತಿಡಿ. ನಾನು ಕೆಲಸದಲ್ಲಿ ಒಮ್ಮೆಯೂ ಬಳಸಿಲ್ಲ.

ಇನ್ನು ನೀವು ಕೇಳಿದ್ದ "ಮೇಲಕ್ಕೆ ಹೋಗುವ ಪಾಯಿಂಟರ್". ಅದನ್ನೂ ಇಡಬಹುದು. ಜಾವಾದ ಟ್ರೀಮ್ಯಾಪ್‌ನಲ್ಲಿ ಪ್ರತಿ ನೋಡ್‌ಗೂ ಎಡ, ಬಲ, ತಂದೆ ಅಂತ ಮೂರು ಪಾಯಿಂಟರ್ ಇವೆ. ನೋಡ್ ಒಂದಕ್ಕೆ ಒಂದು ಪಾಯಿಂಟರ್ ಖರ್ಚು ಜಾಸ್ತಿ, ಟ್ರೀ ಬದಲಾದಾಗಲೆಲ್ಲ ಅದನ್ನೂ ತಿದ್ದಬೇಕು. ನಿಮಗೆ ಬೇಕು ಅನಿಸಿದ್ದು ದೊಡ್ಡವರಿಗೂ ಬೇಕು ಅನಿಸಿದೆ ನೋಡಿ.

ಸೀನಿಯರ್ ಮಾತು ಪೂರ್ತಿ ಸುಳ್ಳಲ್ಲ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಆಳದ ರಿಕರ್ಶನ್ ಮಾಡುವುದಿಲ್ಲ, 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಅಲ್ಲಿಯ ಸ್ಟ್ಯಾಕ್ ಬರೀ 16 ಕೆಬಿ. ಆದರೆ "ಯಾರೂ ಬಳಸಲ್ಲ" ಅನ್ನುವುದು ತಪ್ಪು. ನಿಮ್ಮ ಸಿ ಪ್ರೋಗ್ರಾಂ ಕಂಪೈಲ್ ಮಾಡುವ ಜಿಸಿಸಿಯೇ ನಿಮ್ಮ ಕೋಡನ್ನು ರಿಕರ್ಶನ್‌ನಿಂದ ಓದುತ್ತದೆ.

ನಾನು ಪೆಟ್ಟು ತಿಂದದ್ದೂ ಹೇಳುತ್ತೇನೆ. ವರ್ಷಗಳ ಹಿಂದೆ ಉದ್ಯಮಬಾಗದ ಒಂದು ಕಾರ್ಖಾನೆಗೆ ಬಿಡಿಭಾಗಗಳ ಪಟ್ಟಿಯಿಂದ ಒಟ್ಟು ಖರ್ಚು ತೆಗೆಯುವ ಪ್ರೋಗ್ರಾಂ ಬರೆದೆ. ಪಂಪ್ ಒಳಗೆ ಹೌಸಿಂಗ್, ಶಾಫ್ಟ್, ಸೀಲ್ ಕಿಟ್. ಸೀಲ್ ಕಿಟ್ ಒಳಗೆ ಮತ್ತಷ್ಟು. ಒಳಗಿನವುಗಳ ಬೆಲೆ ಕೂಡಿಸಿ ಆಮೇಲೆ ಹೊರಗಿನದರ ಬೆಲೆ, ಶುದ್ಧ ಪೋಸ್ಟ್‌ಆರ್ಡರ್. ಡೆಮೊ ದಿನ ಸ್ಟ್ಯಾಕ್ ತುಂಬಿ ನಿಂತಿತು. ಬೇಸ್ ಕೇಸ್ (ಎಲ್ಲಿ ನಿಲ್ಲಬೇಕು ಅನ್ನುವ ಷರತ್ತು) ಇತ್ತು, ಕೋಡ್ ಸರಿ ಇತ್ತು. ರಾತ್ರಿ ಪೂರ್ತಿ ಅದನ್ನೇ ತಿರುವಿ ತಿರುವಿ ನೋಡಿದೆ. ಬೆಳಿಗ್ಗೆ ಡೇಟಾ ತೆಗೆದರೆ ಸೀಲ್ ಕಿಟ್‌ನ ಕೆಳಗೆ ಪಂಪಿನದೇ ನಂಬರ್ ಟೈಪ್ ಆಗಿತ್ತು. ಪಂಪ್ ಒಳಗೆ ಕಿಟ್, ಕಿಟ್ ಒಳಗೆ ಪಂಪ್. ಅದು ಟ್ರೀಯೇ ಆಗಿರಲಿಲ್ಲ, ಸುತ್ತು. ಸುತ್ತಿನಲ್ಲಿ ಖಾಲಿ ಸಿಗುವುದೇ ಇಲ್ಲ. ಬಂದ ಡೇಟಾ ನಿಜಕ್ಕೂ ಟ್ರೀ ಹೌದೋ ಅಲ್ಲವೋ ಅಂತ ಪರೀಕ್ಷಿಸದೆ ಬರೆದದ್ದು ನನ್ನದೇ ತಪ್ಪು. ಆಮೇಲಿಂದ ಹೊರಗಿನಿಂದ ಬಂದ ಡೇಟಾದ ಮೇಲೆ ನಡೆಯುವಾಗ, ಈಗ ಗುಡ್ಡೆಯಲ್ಲಿರುವ ನೋಡ್‌ಗಳ ಪಟ್ಟಿ ಇಟ್ಟುಕೊಳ್ಳುತ್ತೇನೆ. ಅದೇ ನಂಬರ್ ಮತ್ತೆ ಸಿಕ್ಕರೆ ಅಲ್ಲೇ ಕೂಗಿ ಹೇಳಿಸುತ್ತೇನೆ.

ಬಾಯಿಪಾಠದ ಪ್ರಶ್ನೆಗೆ: ಬೇಡ. "ರಿಕರ್ಶನ್ ಒಳಗೆ ಇಣುಕಬೇಡ, ಎಡ ಸರಿ ಆಗುತ್ತದೆ ಅಂತ ನಂಬಿ ಮುಂದೆ ಹೋಗು" ಅಂತ ಕೆಲವು ಮೇಷ್ಟ್ರು ಹೇಳುತ್ತಾರೆ. ಅದು ಸರಿಯೇ, ಆದರೆ ಎರಡು ಸಲ ಚೀಟಿ ಎತ್ತಿಟ್ಟ ಮೇಲೆ. ಅಲ್ಲಿಯವರೆಗೆ ಅದು ಬರೀ ನಂಬಿಕೆ.

ಇವತ್ತು ಸಂಜೆ ಹೀಗೆ ಮಾಡಿ. ಎತ್ತರ ಎಣಿಸುವ ಫಂಕ್ಷನ್ ಬರೆದು ನಿಮ್ಮ 1,500ರ ಟ್ರೀ ಮೇಲೆ ಓಡಿಸಿ. ರಿಕರ್ಶನ್‌ನಲ್ಲಿ ಬರೆದರೆ ಅದೂ ಬೀಳುತ್ತದೆ, ಬೀಳಲಿ. ಆಮೇಲೆ ನಡುವಿನಿಂದ ಕಟ್ಟಿದ ಟ್ರೀ ಮೇಲೆ ಓಡಿಸಿ, 11 ಬರಬೇಕು. ಪೋಸ್ಟ್‌ಆರ್ಡರ್ ಓಡಿಸುವ ಮೊದಲು ಮಾತ್ರ ಅದು ಮೊಟ್ಟಮೊದಲು ಯಾವ ನಂಬರ್ ಪ್ರಿಂಟ್ ಮಾಡುತ್ತದೆ ಅಂತ ಲಗ್ನಪತ್ರಿಕೆಯಲ್ಲಿ ಉಳಿದ ತುಂಡಿನ ಮೇಲೆ ಬರೆದಿಡಿ. ಎಂಟರ್ ಒತ್ತುವುದು ಆಮೇಲೆ.